ಶ್ರೀಮಾನ್ ಬ್ಯಾಕಪ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ವಿಷಯ: ತಮ್ಮ ತಪ್ಪದ ಹಾಜರಿ ಹಾಗೂ ಬೇಕಾದ ದಿನದ ಗೈರುಹಾಜರಿ ಕುರಿತು.

ಸರ್ವರ್ ನೋಡಿಕೊಳ್ಳುವ ನಮ್ಮಂಥವರು ಆಡಿಟ್‌ನವರು ಬಂದಾಗಲೆಲ್ಲ ತಮ್ಮ ಹೆಸರು ಹೇಳಿಯೇ ಬಚಾವಾದದ್ದು. "ಬ್ಯಾಕಪ್ ಇದೆಯಾ?" "ಇದೆ ಸಾರ್." ಒಂದು ಟಿಕ್ ಬಿತ್ತು, ಕಾಫಿ ಬಂತು. "ರಿಸ್ಟೋರ್ ಮಾಡಿ ನೋಡಿದ್ದೀರಾ?" ಎಂದು ಕೇಳುವಷ್ಟು ಒರಟರು ಅವರಲ್ಲಿಲ್ಲ. ಹಿರಿಯರನ್ನು ಪರೀಕ್ಷಿಸುವುದು ನಮ್ಮ ಸಂಸ್ಕಾರವೂ ಅಲ್ಲ.

ಆದರೂ ತಮ್ಮ ಸೇವಾ ಪುಸ್ತಕ ತಿರುವುವಾಗ 2017ರ ಜನವರಿ 31ರ ಪುಟದಲ್ಲಿ ಕಣ್ಣು ನಿಂತಿತು. ಗಿಟ್‌ಲ್ಯಾಬ್ ಕಂಪನಿಯಲ್ಲಿ ಡೇಟಾಬೇಸ್ ಸರ್ವರ್ ಎರಡಿದ್ದವು: ಒಂದು ಅಸಲು, ಇನ್ನೊಂದು ಅದರ ರೆಪ್ಲಿಕಾ. ಲೋಡ್ ಹೆಚ್ಚಿ ರೆಪ್ಲಿಕಾ ಹಿಂದೆ ಬಿತ್ತು. ಅಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡೋಣವೆಂದು ಎಂಜಿನಿಯರೊಬ್ಬರು ಡಿಲೀಟ್ ಕಮಾಂಡ್ ಕೊಟ್ಟರು. ಕೊಟ್ಟದ್ದು ಅಸಲಿಗೆ. ಒಂದೆರಡು ಸೆಕೆಂಡಿನಲ್ಲೇ ತಿಳಿದು ತಡೆದರೂ ಅಷ್ಟರಲ್ಲಿ ಸುಮಾರು 300 ಜಿಬಿ ಮಾಯವಾಗಿತ್ತು.

ಆಗ ತಮ್ಮನ್ನು ಕೂಗಿದರು. ತಾವು ಅಲ್ಲಿ ಹಲವು ಹುದ್ದೆಗಳಲ್ಲಿ ನೇಮಕಗೊಂಡಿದ್ದಿರಿ. ದಿನವಹಿ ಡಂಪ್ ತೆಗೆಯುವ ಹುದ್ದೆಯಲ್ಲಿ ಏನಾಗಿತ್ತೆಂದರೆ, ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಡಂಪ್ ಮಾಡುವ ಪ್ರೋಗ್ರಾಂ 9.2. ಒಂದಕ್ಕೊಂದು ಹೊಂದದೆ ಕೆಲಸ ಎರರ್‌ನಲ್ಲೇ ಮುಗಿಯುತ್ತಿತ್ತು. ಡಂಪ್ ಹೋಗಿ ಸೇರಬೇಕಿದ್ದ ಎಸ್3 ಬಕೆಟ್ ಖಾಲಿ. ಹೊತ್ತಿಗೆ ಸರಿಯಾಗಿ ಆ ಕೆಲಸ ಹಚ್ಚುವ ಕ್ರಾನ್ ಪಾಪ, ಎರರ್ ಬಂತೆಂದು ಮೇಲ್ ಬರೆಯುತ್ತಲೇ ಇತ್ತು. ಡಿಮಾರ್ಕ್ ನಿಯಮದಂತೆ ಸಹಿಯಿಲ್ಲವೆಂದು ಆ ಮೇಲನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಲಾಗುತ್ತಿತ್ತು. ಅಜೂರ್‌ನ ಡಿಸ್ಕ್ ಸ್ನ್ಯಾಪ್‌ಶಾಟ್ ಡೇಟಾಬೇಸ್ ಸರ್ವರ್‌ಗಳಿಗೆ ಚಾಲೂ ಆಗಿಯೇ ಇರಲಿಲ್ಲ. ಕೊನೆಗೆ ಕೈಹಿಡಿದದ್ದು, ಬೇರಾವುದೋ ಪರೀಕ್ಷೆಗೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಖಾಯಂ ನೌಕರರೆಲ್ಲ ನಾಪತ್ತೆ, ದಿನಗೂಲಿಯವನು ಮಾನ ಉಳಿಸಿದ! ಆ ಆರು ಗಂಟೆಗಳ ಡೇಟಾ ಮಾತ್ರ ಹೋಗೇ ಹೋಯಿತು. ಅವರು ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರು. ನಮ್ಮಲ್ಲಾಗಿದ್ದರೆ "ತಾಂತ್ರಿಕ ಕಾರಣಗಳಿಂದ" ಎಂಬ ಒಂದೇ ಸಾಲಿನಲ್ಲಿ ಕಥೆ ಮುಗಿಯುತ್ತಿತ್ತು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿದಾಗ, ಕೆಲವು ಗಿರಾಕಿಗಳ ಮಟ್ಟಿಗೆ ತಾವೂ ಅದೇ ಆವರಣದಲ್ಲೇ ವಾಸವಿದ್ದು ಸರ್ವರ್ ಜೊತೆಗೇ ಬೂದಿಯಾದಿರಿ. ತಮ್ಮ ಸ್ವಾಮಿನಿಷ್ಠೆ ಅಸಾಧಾರಣ.

ಇನ್ನು ಮುಂದೆ ಹೀಗೆ ನಡೆಯತಕ್ಕದ್ದು. ಕೆಟ್ಟಾಗ ಮೇಲ್ ಕಳಿಸುವುದು ನಿಲ್ಲಿಸಿ, ಗೆದ್ದಾಗ ಕಳಿಸಿ. ಬೆಳಿಗ್ಗೆ ಆರಕ್ಕೆ ಬರದಿದ್ದರೆ ನಮ್ಮ ಫೋನ್ ಹೊಡೆದುಕೊಳ್ಳುತ್ತದೆ. ಡಂಪನ್ನು ಜಿಜಿಪ್‌ಗೆ ಪೈಪ್ ಮಾಡಿ, ಡಂಪ್ ಸತ್ತರೂ ಜಿಜಿಪ್ ಗೆದ್ದಿತೆಂದು ಹಸಿರು ದೀಪ ತೋರಿಸುವ ಹಳೆಯ ಆಟ ನಮಗೆ ತಿಳಿದಿದೆ. ನಿನ್ನೆ 40 ಜಿಬಿ ಇದ್ದ ಫೈಲು ಇಂದು 20 ಬೈಟ್ ಆದದ್ದನ್ನು "ಯಶಸ್ವಿ" ಎನ್ನಬೇಡಿ. ತಮ್ಮ ತಮ್ಮನೆಂದು ಹೇಳಿಕೊಂಡು ತಿರುಗುವ ರೆಪ್ಲಿಕಾನಿಗೆ ಸಂಬಳ ಬೇರೆ ಲೆಕ್ಕದಲ್ಲಿ ಹಾಕುತ್ತೇವೆ: ಅಸಲಿನಲ್ಲಿ ಟೇಬಲ್ ಡ್ರಾಪ್ ಆದರೆ ಅವನೂ ಭಕ್ತಿಯಿಂದ ಡ್ರಾಪ್ ಮಾಡುವವನು. ತಮ್ಮ ಒಂದು ಪ್ರತಿ ಬೇರೆ ಊರಿನಲ್ಲಿ, ನಮ್ಮ ಪಾಸ್‌ವರ್ಡ್‌ಗೆ ಎಟುಕದಂತೆ ಇರಲಿ. ರ‍್ಯಾನ್ಸಮ್‌ವೇರ್‌ನವರು ಬಂದರೆ ಮೊದಲು ವಿಚಾರಿಸುವುದು ತಮ್ಮನ್ನೇ.

ಬರುವ ಶನಿವಾರ ರಾತ್ರಿ ಹತ್ತಕ್ಕೆ ಖಾಲಿ ಸರ್ವರ್ ಒಂದರ ಮೇಲೆ ತಮ್ಮನ್ನು ಇಳಿಸಿ, ಟೇಬಲ್‌ಗಳ ಸಾಲು ಎಣಿಸಿ, ಎಷ್ಟು ಹೊತ್ತಾಯಿತೆಂದು ಬರೆದಿಡುವ ಕಾರ್ಯಕ್ರಮವಿದೆ. ಅನಾರೋಗ್ಯದ ನೆಪವಿದ್ದರೆ ಸರ್ಟಿಫಿಕೇಟ್ ತನ್ನಿ. ಅವಧಿ ಮುಗಿದದ್ದು ಬೇಡ, ಅಂಥವು ನಮ್ಮ ವೆಬ್ ಸರ್ವರ್‌ಗಳಲ್ಲೇ ಬೇಕಾದಷ್ಟಿವೆ.

ಇಂತಿ ತಮ್ಮ ವಿಧೇಯ,
ರಾತ್ರಿ ಪಾಳಿಯ ಸಿಸ್ಟಂ ಅಡ್ಮಿನ್