ಮುತ್ತಿನ ಒಂಬತ್ತನೆಯ ಆಕರ

ಮುತ್ತು ಎಂಟು ಕಡೆ ಹುಟ್ಟುತ್ತದೆ ಎಂದು ವರಾಹಮಿಹಿರಾಚಾರ್ಯರು ಆರನೆಯ ಶತಮಾನದ ತಮ್ಮ ‘ಬೃಹತ್ಸಂಹಿತೆ’ಯಲ್ಲಿ ಅಪ್ಪಣೆ ಕೊಡಿಸಿದ್ದಾರೆ: ಆನೆ, ಹಾವು, ಚಿಪ್ಪು, ಶಂಖ, ಮೋಡ, ಬಿದಿರು, ತಿಮಿಂಗಿಲ ಮತ್ತು ಹಂದಿ. ಹೈದರಾಬಾದಿನ ಹೆಸರಿಲ್ಲ. ಇದಕ್ಕೆ ಆಚಾರ್ಯರನ್ನು ದೂರುವುದು ನ್ಯಾಯವಲ್ಲ. ಚಾರ್‌ಮಿನಾರ್ ಎದ್ದು ನಿಂತದ್ದು 1591ರಲ್ಲಿ, ಅದರ ಮುಂದೆ ಆಟೋ ಬಂದು ನಿಂತದ್ದು ಇನ್ನೂ ಎಷ್ಟೋ ತಡವಾಗಿ. ಆದರೆ ಹಂದಿಯನ್ನೂ ಬಿಡದೆ ಮುತ್ತು ಹುಡುಕಿದ ಶಾಸ್ತ್ರಪರಂಪರೆಯು, ದಸರಾ ರಜೆ ಬಂತೆಂದರೆ ಕನ್ನಡ ಕುಟುಂಬಗಳು ಹೈದರಾಬಾದಿನ ಪತ್ಥರ್‌ಗಟ್ಟಿ ಪೇಟೆಯಲ್ಲಿ ಕಂಡುಕೊಳ್ಳುವ ಮುತ್ತಿನ ಬಗ್ಗೆ ಈವರೆಗೆ ಒಂದು ಸೂತ್ರವನ್ನೂ ರಚಿಸದೆ ಇರುವುದು ವಿಷಾದನೀಯ. ಆ ಕೊರತೆ ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. ಹೈದರಾಬಾದಿಗೆ ಸಮುದ್ರವಿಲ್ಲ. ಇರುವ ಮೂಸಿ ನದಿ 1908ರಲ್ಲಿ ಉಕ್ಕಿ ಹರಿದು ಊರನ್ನೇ ತೊಳೆದುಕೊಂಡು ಹೋಯಿತೇ ಹೊರತು ಒಂದು ಮುತ್ತನ್ನೂ ದಡಕ್ಕೆ ಹಾಕಲಿಲ್ಲ. ನಿಜಾಮರು ತೊಟ್ಟ ಮುತ್ತು ಬಸ್ರಾದ್ದು, ಎಂದರೆ ಪರ್ಶಿಯಾ ಕೊಲ್ಲಿಯಲ್ಲಿ ಮುಳುಗುಗಾರರು ಉಸಿರು ಕಟ್ಟಿ ತೆಗೆದದ್ದು. ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲಿ ಚಿಪ್ಪಿನೊಳಗೆ ಮುತ್ತನ್ನು ಸಾಕಿ ಬೆಳೆಸಿ ತೋರಿಸಿದ. ಜಪಾನಿನ ಈ ಮುತ್ತು ಪೇಟೆ ತುಂಬಿತು, 1929ರ ಆರ್ಥಿಕ ಕುಸಿತವೂ ಬಂತು, ಕೊಲ್ಲಿಯ ಮುಳುಗುಗಾರರು ಎಣ್ಣೆ ಬಾವಿಯ ಕೂಲಿಗೆ ಹೋದರು. ಈಗ ಅಂಗಡಿಯ ತಟ್ಟೆಯಲ್ಲಿ ಕಾಣುವುದು ಬಹುಪಾಲು ಚೀನಾದ ಕೆರೆಗಳ ಸಿಹಿನೀರಿನ ಮುತ್ತು. ಅಲ್ಲಿ ಒಂದೇ ಚಿಪ್ಪು ಇಪ್ಪತ್ತು ಮೂವತ್ತು ಮುತ್ತು ಹೆರುತ್ತದೆ. ಸ್ವಾತಿ ಮಳೆಯ ಹನಿಗೆ ಕಾದು ಕೂತ ನಮ್ಮ ಕವಿಸಮಯದ ಚಿಪ್ಪಿಗೆ ಇದು ನಾಚಿಕೆಯ ವಿಷಯ.

ಹಾಗಾದರೆ ಹೈದರಾಬಾದಿನ ಪಾಲು ಏನು? ತೂತು. ಬಿಲ್ಲು ಕಟ್ಟಿದ ಬೈರಿಗೆಯಿಂದ ಕೂದಲೆಳೆಯಷ್ಟು ತೂತು ಕೊರೆಯುವುದು, ಬಣ್ಣ ಗಾತ್ರ ನೋಡಿ ವಿಂಗಡಿಸುವುದು, ಗಂಟು ಹಾಕುತ್ತ ಪೋಣಿಸುವುದು ಈ ಊರಿಗೆ ಕರಗತವಾದ ವಿದ್ಯೆ. ಕೊರೆಯುವ ಕೆಲಸಕ್ಕೆ ಈಗ ಯಂತ್ರವೂ ಬಂದಿದೆ. ಚೀನಾದ ಕೆರೆಯಿಂದ ಬಂದದ್ದು ಒಂದು ತೂತಿನಿಂದ ‘ಹೈದರಾಬಾದ್ ಮುತ್ತು’ ಆಗಿಬಿಡುತ್ತದೆ. ಪೌರತ್ವ ಇಷ್ಟು ಸಲೀಸಾಗಿ ಸಿಗುವ ಊರು ಇನ್ನೊಂದಿಲ್ಲ.

ಮುತ್ತು ಕೊಳ್ಳಲು ಈ ಊರಿಗೆ ಹೋಗುವುದು ವಿದೇಶ ಪ್ರವಾಸವೋ ಸ್ವದೇಶ ಪ್ರವಾಸವೋ ಎಂಬುದು ಮುಂದಿನ ಜಿಜ್ಞಾಸೆ. ಬೆಂಗಳೂರಿನವರಿಗೆ ಹೈದರಾಬಾದು ಪರರಾಜ್ಯ. ಕಲಬುರಗಿ, ಬೀದರ, ರಾಯಚೂರಿನವರಿಗೆ 1956ರ ನವೆಂಬರ್ 1ರವರೆಗೂ ಅದು ರಾಜಧಾನಿ. ಹಳೇ ಮೈಸೂರಿನಿಂದ ನಿಜಾಮರ ಕಾಲದಲ್ಲಿ ಮುತ್ತು ಕೊಳ್ಳಲು ಹೋದವನಿಗೆ ಮಾತ್ರ ಅದು ಸಾಕ್ಷಾತ್ ವಿದೇಶವೇ: ಅಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ ಎಂಬ ಬೇರೆ ರೂಪಾಯಿ, ಅದರ 7ಕ್ಕೆ ಬ್ರಿಟಿಷರ 6 ರೂಪಾಯಿ ಸಮ. ಎಂದರೆ ಅಂದಿನ ಗಿರಾಕಿ ಅಂಗಡಿ ಮೆಟ್ಟಿಲು ಹತ್ತುವ ಮೊದಲೇ ಏಳಕ್ಕೆ ಒಂದು ಉಳಿಸಿದ್ದನೆಂದು ಮನೆಯಲ್ಲಿ ಹೇಳಿಕೊಳ್ಳಬಹುದಿತ್ತು. ಇಂದಿನವರಿಗೆ ಆ ಭಾಗ್ಯವಿಲ್ಲ.

ಮುತ್ತು ಅಸಲಿಯೆಂದು ತಿಳಿಯುವ ಬಗೆ ಹೇಗೆ? ನೈಯಾಯಿಕರ ಪ್ರಮಾಣಗಳೆಲ್ಲ ಇಲ್ಲಿ ಪ್ರಯೋಗಕ್ಕೆ ಬರುತ್ತವೆ. ಪ್ರತ್ಯಕ್ಷವೆಂದರೆ ಹಲ್ಲು. ಗಿರಾಕಿ ಆಚೀಚೆ ನೋಡಿ ಮುತ್ತನ್ನು ಮುಂದಿನ ಹಲ್ಲಿನ ಅಂಚಿಗೆ ಉಜ್ಜುತ್ತಾರೆ. ನುಣ್ಣನೆ ಮರಳಿನಂತೆ ತರಿತರಿ ಎಂದರೆ ಅಸಲಿ, ಜಾರಿದರೆ ಗಾಜು ಅಥವಾ ಪ್ಲಾಸ್ಟಿಕ್. ಅದೇ ಮುತ್ತನ್ನು ಬೆಳಗಿನಿಂದ ಎಷ್ಟು ಮಂದಿಯ ಹಲ್ಲು ಪರೀಕ್ಷಿಸಿದೆಯೆಂಬ ಆರೋಗ್ಯಶಾಸ್ತ್ರದ ಪ್ರಶ್ನೆ ಈ ಪ್ರಬಂಧದ ವ್ಯಾಪ್ತಿಗೆ ಬಾರದು. ಎರಡನೆಯದು ಅಗ್ನಿ. ಅಂಗಡಿಯವರು ಮಾತೇ ಆಡದೆ ಜೇಬಿನಿಂದ ಲೈಟರ್ ತೆಗೆದು ಎಳೆಯ ನಡುವಿನ ಒಂದು ಮುತ್ತಿಗೆ ಉರಿ ಹಿಡಿಯುತ್ತಾರೆ. ಮುತ್ತು ಮಸಿ ಹಿಡಿದು ಕಪ್ಪಾಗುತ್ತದೆ, ಗಿರಾಕಿಯ ಎದೆ ಧಸಕ್ಕೆನ್ನುತ್ತದೆ. ಆಮೇಲೆ ಬೆರಳಲ್ಲೊಮ್ಮೆ ಒರೆಸಿದರೆ ಮತ್ತೆ ಬೆಳ್ಳಗೆ. ಸೀತಾಮಾತೆಗೂ ಒಮ್ಮೆ ಮಾತ್ರ ಬಂದ ಕಷ್ಟ ಈ ಮುತ್ತಿಗೆ ದಿನಕ್ಕೆ ಹತ್ತು ಸಲ.

ಆದರೆ ಹಲ್ಲೂ ಬೆಂಕಿಯೂ ಹೇಳುವುದು ಇದು ಪ್ಲಾಸ್ಟಿಕ್ ಅಲ್ಲ ಎಂಬಷ್ಟನ್ನೇ. ಕೊಲ್ಲಿಯಲ್ಲಿ ತಾನಾಗಿ ಹುಟ್ಟಿದ್ದಕ್ಕೂ ಕೆರೆಯಲ್ಲಿ ಸಾಕಿ ಬೆಳೆಸಿದ್ದಕ್ಕೂ ಮೈಮೇಲಿನ ಪದರ ಒಂದೇ ಬಗೆಯದು. ಒಳಗಿನ ಭೇದ ತಿಳಿಯಲು ಎಕ್ಸ್‌ರೇ ಬೇಕು. ಬೀದಿಯಂಗಡಿಯಲ್ಲಿ ಎಕ್ಸ್‌ರೇ ಇರುವುದಿಲ್ಲವಾಗಿ, ಉಳಿಯುವುದು ಶಬ್ದಪ್ರಮಾಣ: “ಬಸ್ರಾ ಕಾ ಮಾಲ್ ಹೈ ಅಮ್ಮಾ.” ಇದಕ್ಕಿಂತ ಬಲವಾದದ್ದು, ಇಪ್ಪತ್ತು ವರ್ಷದ ಕೆಳಗೆ ಇಲ್ಲೇ ಎಲ್ಲೋ ಕೊಂಡಿದ್ದ ಚಿಕ್ಕಮ್ಮನ ಫೋನು. ಆಪ್ತವಾಕ್ಯವೆಂದು ನೈಯಾಯಿಕರು ಕರೆದದ್ದು ಇದನ್ನೇ ಇರಬೇಕು.

ಇನ್ನು ಸಿದ್ಧಾಂತ: ಹೈದರಾಬಾದಿನ ಮುತ್ತು ಅಸಲಿಯಾಗುವುದು ಚೌಕಾಸಿಯಲ್ಲಿ. ಚಿಪ್ಪಿನೊಳಗೆ ಹೊಕ್ಕ ಕಿರಿಕಿರಿಯ ಸುತ್ತ ಪದರದ ಮೇಲೆ ಪದರ ಕೂತು ಮುತ್ತು ಬೆಳೆಯುವಂತೆ, ಅಂಗಡಿಯಲ್ಲಿ ಮಾತಿನ ಮೇಲೆ ಮಾತು ಕೂತು ನಂಬಿಕೆ ಬೆಳೆಯುತ್ತದೆ. ಕಿರಿಕಿರಿಯ ಸ್ಥಾನದಲ್ಲಿ ಗಂಡ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ.

ಉದಾಹರಣೆಗೆ ಕಲಬುರಗಿಯ ಒಂದು ಕುಟುಂಬ. ಅಂಗಡಿಯವರು ಎಂಟು ಸಾವಿರ ಎನ್ನುತ್ತಾರೆ. ಬಾಯಾರು ತಟ್ಟೆ ಹಿಂದಕ್ಕೆ ಸರಿಸಿ, “ನಕ್ಕೋ ಭಾಯ್, ಹಮೇ ಗುಲ್ಬರ್ಗಾಕೇಚ್ ಹೈಂ,” ಎನ್ನುತ್ತಾರೆ. “ಅರೆ, ಬಂದೇನವಾಜ್ ಕೇ ಶಹರ್ ಕೇ!” ಎಂದು ಅಂಗಡಿಯವರು ಎದೆಗೆ ಕೈ ಇಟ್ಟು ಒಂದು ಸಾವಿರ ಇಳಿಸುತ್ತಾರೆ. ದರ್ಗಾದ ಹೆಸರಿನ ಆ ಒಂದು ಸಾವಿರದ ಮುಂದೆ ಬೆಂಗಳೂರಿನವರ ಹಿಂದಿ ನಿಲ್ಲಲಾರದು. “ನಡೀರಿ, ಹೋಗಮು,” ಎಂದು ಬಾಯಾರು ಎದ್ದರೆ ಇನ್ನೊಂದು ಸಾವಿರ. ಗಂಡ ನಿಜವಾಗಿಯೂ ಎದ್ದು ಚಪ್ಪಲಿ ಹಾಕಿಕೊಂಡರೆ ಶಾಸ್ತ್ರಭಂಗ; “ನೀವ್ಯಾಕ್ ಎದ್ರಿ? ಸುಮ್ ಕೂಡ್ರಿ,” ಎಂದು ಬೈಸಿಕೊಳ್ಳುತ್ತಾನೆ. ಕೊನೆಗೆ ಐದೂವರೆಗೆ ಕುದುರುತ್ತದೆ. ಎಂಟಕ್ಕೆ ಕೊಟ್ಟಿದ್ದರೆ ಈ ಮುತ್ತು ನಕಲಿಯಾಗಿರುತ್ತಿತ್ತು. ಐದೂವರೆಗೆ ಅದು ಅಸಲಿ.

ಬೆಂಗಳೂರಿನವರ ಅಸ್ತ್ರ ಹಂಪಿ. “ನಮ್ಮಲ್ಲಿ ಮುತ್ತುರತ್ನ ಬೀದೀಲಿ ಬಳ್ಳದಲ್ಲಿ ಅಳೆದು ಮಾರ್ತಿದ್ರು, ಗೊತ್ತಾ?” ಎನ್ನುತ್ತಾರೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಅಲ್ಲಿ ರತ್ನಪಡಿ ವ್ಯಾಪಾರಿಗಳು ಮುತ್ತು, ವಜ್ರ, ಕೆಂಪುಗಳನ್ನು ಬಯಲಲ್ಲೇ ಮಾರುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಬಳ್ಳ, ಸೇರು ಸೇರಿಸಿದ್ದು ನಮ್ಮ ಪ್ರೈಮರಿ ಶಾಲೆಯ ಮೇಷ್ಟ್ರು. ಸಣ್ಣ ಮುತ್ತನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವ ಪತ್ಥರ್‌ಗಟ್ಟಿಯಲ್ಲಿ ಈ ಮಾತಿಗೆ ಯಾರೂ ಬೆರಗಾಗುವುದಿಲ್ಲ. “ಕಿತ್ನೇ ಗ್ರಾಂ?” ಎಂದಷ್ಟೇ ಕೇಳುತ್ತಾರೆ.

ಈ ಸಿದ್ಧಾಂತಕ್ಕೆ ಭಾರತ ಸರಕಾರದ ನಡೆಯೇ ಆಧಾರ. ನಿಜಾಮರ ಒಡವೆಗಳನ್ನು ಕೊಳ್ಳಲು ಎರಡು ದಶಕಕ್ಕೂ ಹೆಚ್ಚು ಕಾಲ ಎಳೆದಾಡಿ 1995ರಲ್ಲಿ 173 ಒಡವೆಗಳನ್ನು 218 ಕೋಟಿಗೆ ಕುದುರಿಸಿತು. ಅದರಲ್ಲಿ 465 ಬಸ್ರಾ ಮುತ್ತುಗಳ ಏಳೆಳೆಯ ‘ಸತ್‌ಲಡಾ’ ಹಾರವೂ ಇದೆ. ಇಷ್ಟು ದೀರ್ಘ ಚೌಕಾಸಿ ಮಾಡಿದ ಗಿರಾಕಿಯನ್ನು ಯಾವ ಚಿಕ್ಕಮ್ಮನಾದರೂ ಮೆಚ್ಚಬೇಕು.

ಕೊನೆಗೆ ಬೆಲೆಯ ಗಣಿತ. ಹಳೆಯ ಮುತ್ತಿನ ವ್ಯಾಪಾರಿಗಳಲ್ಲಿ ‘ಚೌ’ ಎಂಬ ಲೆಕ್ಕವಿತ್ತು. ಅದು ತೂಕದ ವರ್ಗವನ್ನು ಹಿಡಿದು ನಡೆಯುವಂಥದು, ಮುತ್ತಿನ ತೂಕ ಎರಡರಷ್ಟಾದರೆ ಬೆಲೆ ನಾಲ್ಕರಷ್ಟು. ಊರಿಗೆ ಮರಳಿದ ಮೇಲೆ ಚೌ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಬೆಲೆ ಕೇಳುವವರ ನಂಟನ್ನು ಹಿಡಿದು ಏರಿಳಿಯುತ್ತದೆ. ಐದೂವರೆ ಸಾವಿರದ ಸರ ಅತ್ತೆಗೆ ಎರಡೂವರೆ, ಓರಗಿತ್ತಿಗೆ ಹನ್ನೊಂದು, ಮುಂದಿನ ವಾರ ಹೈದರಾಬಾದಿಗೆ ಹೊರಟ ಗೆಳತಿಗೆ, ಅವಳಿಗೆ ಎಂದೂ ಸಿಗಲಾರದ ನಾಲ್ಕು. ಈ ಮೂರು ಬೆಲೆಗಳು ಒಂದೇ ಮದುವೆಯ ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕ ಊಟಕ್ಕೆ ಕೂತಾಗ ಏನು ಗತಿ ಎಂಬುದಕ್ಕೆ ವರಾಹಮಿಹಿರರಲ್ಲೂ ಪರಿಹಾರವಿಲ್ಲ. ಸಾಕ್ಷಿ ಹೇಳಲು ಗಂಡನನ್ನು ಕೂಗಿದರೆ, ಆತ ಬಡಿಸುವವರ ಕೈಯಿಂದ ಸಾರಿನ ಬಕೆಟ್ಟು ಇಸಿದುಕೊಂಡು ಮುಂದಿನ ಸಾಲಿಗೆ ನಡೆದುಬಿಡುತ್ತಾನೆ.