ಕರುವಿನ ಎದೆಯೊಳಗಿನ ಹುಲಿ

ಪುಣ್ಯಕೋಟಿಯ ಕಥೆ ಕೇಳಿ ಕಣ್ಣೊರೆಸಿಕೊಳ್ಳದ ಕನ್ನಡಿಗ ಯಾರು? ಸತ್ಯಕ್ಕೆ ಸೋತು ಹುಲಿ ಪ್ರಾಣ ಬಿಟ್ಟಿತು, ಕರು ಬದುಕಿತು, ನಾವು ಮೂಗು ಸೀಟಿ ಮಲಗಿದೆವು. ಹುಲಿ ಸತ್ತದ್ದು ನಿಜವೇ ಅಂತ ಒಮ್ಮೆ ಪಶುವೈದ್ಯರನ್ನು ಕೇಳಿ. ಕಾಲುಬಾಯಿ ಜ್ವರಕ್ಕೆ ಬಲಿಯಾದ ಎಳೆಗರುವಿನ ಎದೆ ಸೀಳಿದರೆ ಹೃದಯದ ತುಂಬ ಬಿಳಿಚಿದ ಪಟ್ಟೆಗಳು ಕಾಣುತ್ತವೆ. ಅವರ ಪುಸ್ತಕದಲ್ಲಿ ಅದಕ್ಕೆ 'ಟೈಗರ್ ಹಾರ್ಟ್' ಎಂದೇ ಹೆಸರು. ಈ ಹುಲಿಗೆ ಗುಹೆ ಬೇಕಿಲ್ಲ, ತಾಯಿಯ ಕೆಚ್ಚಲಿನಿಂದಲೇ ಇಳಿದು ಬರಬಲ್ಲದು.

ಹಸು ಜೊಲ್ಲು ಸುರಿಸಿ ಕುಂಟುವುದಕ್ಕೆ ಮೊದಲೇ ವೈರಸ್ಸು ಹಾಲಿಗೆ ಇಳಿದಿರುತ್ತದೆ. ಡೇರಿಯವರು ನೋಡುವುದು ಫ್ಯಾಟು, ಎಸ್‌ಎನ್‌ಎಫ್ಫು. ವೈರಸ್ಸಿಗೆ ದರಪಟ್ಟಿ ಇಲ್ಲ. ದೊಡ್ಡ ಹಸು ಸೊರಗಿದರೂ ಸಾಮಾನ್ಯವಾಗಿ ಎದ್ದು ನಿಲ್ಲುತ್ತದೆ. ಕರು ಹಾಗಲ್ಲ. ಬಾಯಲ್ಲಿ ಒಂದು ಗುಳ್ಳೆಯನ್ನೂ ತೋರಿಸದೆ ದೊಪ್ಪನೆ ಬೀಳಬಹುದು.

ಇನ್ನು ನಮ್ಮ ನ್ಯಾಯ ನೋಡಿ. ಈ ರೋಗ ಮನುಷ್ಯರಿಗೆ ತಾಗುವುದು ತೀರಾ ಅಪರೂಪ. ಆದರೂ ನಮ್ಮ ಲೋಟಕ್ಕೆ ಮೂರು ಸಲ ಉಕ್ಕಿಸಿದ ಹಾಲು. ತಾಗಿದರೆ ಸಾಯುವ ಕರುವಿಗೆ ಮಾತ್ರ ಹಸಿ ಹಾಲು. ಕಾಯಿಸಿ, ಆರಿಸಿ ಕುಡಿಸಿ, ಕರುವನ್ನು ಬೇರೆ ಕಟ್ಟಿ ಅಂದರೆ, 'ಕರುಗೂ ಗ್ಯಾಸ್ ಸುಡೋಕಾಗುತ್ತಾ ಸಾರ್?'

ಹಸು ಚೆನ್ನಾಗಿದ್ದ ದಿನ ಕರುವಿಗೆ ಸಿಗುವುದು ಎರಡು ಗುಟುಕು. ಸೊರ ಬಿಡಿಸುವಷ್ಟು ಚೀಪಿದರೆ ಸಾಕು, ಹಗ್ಗ ಹಿಡಿದು ದರದರ ಎಳೆದು ಗೂಟಕ್ಕೆ. ಹಸುವಿಗೆ ಕಾಯಿಲೆ ಬಂತೋ, ಹಾಲು ಡೇರಿಗೆ ಆಗದು, ಮಕ್ಕಳಿಗೆ ಬೇಡ, ಚೆಲ್ಲಿದರೆ ಲಕ್ಷ್ಮಿಗೆ ಕೋಪ. ಆಗ ಮನೆಯವರ ಎದೆಯಲ್ಲಿ ಕರುಣೆಯ ಒರತೆ: 'ಸುಮ್ನೆ ಯಾಕೆ ಹಾಳು ಮಾಡ್ತೀರಿ, ಕರುಗೆ ಬಿಡಿ, ಹೊಟ್ಟೆ ತುಂಬ ಕುಡೀಲಿ.' ಅದು ಹುಟ್ಟಿದ ಮೇಲೆ ಹೊಟ್ಟೆ ತುಂಬಿದ ಮೊದಲ ದಿನ.

ಸರ್ಕಾರವೇನೂ ಕಣ್ಣು ಮುಚ್ಚಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ, ಸಾಕ್ಷಾತ್ ಗೋಪಾಲನ ಊರಿನಲ್ಲಿ, ₹13,343 ಕೋಟಿಯ ಯೋಜನೆಗೆ ಚಾಲನೆ ಸಿಕ್ಕಿತು. ಆರು ತಿಂಗಳಿಗೊಮ್ಮೆ ಚುಚ್ಚುಮದ್ದು, ಕಿವಿಗೆ 12 ಅಂಕಿಯ ಓಲೆ. ಕರುವಿನ ಸರದಿ ನಾಲ್ಕು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ? ಲಸಿಕೆ ಪಡೆದ ತಾಯಿಯ ಗಿಣ್ಣುಹಾಲೇ ಅದಕ್ಕೆ ಕಾವಲು. ಹುಟ್ಟಿದ ಮೊದಲ ಕೆಲವೇ ತಾಸಿನಲ್ಲಿ ಅದು ಹೊಟ್ಟೆ ಸೇರಬೇಕು. ಸೇರುತ್ತದೆ, ಬೆಲ್ಲ, ಏಲಕ್ಕಿ ಬೆರೆತು ನಮ್ಮ ಹೊಟ್ಟೆಗೆ. ಅಕ್ಕಪಕ್ಕದ ಮನೆಗೂ ಒಂದೊಂದು ಬಟ್ಟಲು ಹೋಗುತ್ತದೆ. (ಒಪ್ಪಿಕೊಳ್ಳುತ್ತೇನೆ, ನಾನೂ ಎರಡನೇ ಬಟ್ಟಲು ಕೇಳುವವನೇ.) ಲಸಿಕೆಯನ್ನು ನಾವು ಚಮಚದಲ್ಲಿ ತಿಂದು, ರೋಗವನ್ನು ಕರುವಿಗೆ ಬಿಟ್ಟುಕೊಡುತ್ತೇವೆ.

2013ರಲ್ಲಿ ಕ್ಷೀರಭಾಗ್ಯ ಬಂದು ಶಾಲೆಯ ಮಕ್ಕಳಿಗೆ ಬಿಸಿ ಹಾಲು ಸಿಕ್ಕಿತು, ಒಳ್ಳೆಯದೇ ಆಯಿತು. ಅದೇ ವರ್ಷ ಕಾಲುಬಾಯಿ ಜ್ವರಕ್ಕೆ ರಾಜ್ಯದ ಸಾವಿರಾರು ಜಾನುವಾರು ಸತ್ತವು. ಕರುಗಳಿಗೆ ಯಾವ ಭಾಗ್ಯವೂ ಘೋಷಣೆಯಾದದ್ದು ನೆನಪಿಲ್ಲ.

ಕರು ಸತ್ತರೆ ಹಸು ಹಾಲಿಳಿಸದೆ ಹಟ ಹಿಡಿಯುವುದುಂಟು. ಅದಕ್ಕೂ ಹಿರಿಯರು ಉಪಾಯ ಇಟ್ಟಿದ್ದಾರೆ: ಸತ್ತ ಕರುವಿನ ತೊಗಲಿಗೆ ಒಣಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವುದು. ಅವಳು ನೆಕ್ಕುತ್ತಾಳೆ, ಸೊರ ಬಿಡುತ್ತಾಳೆ. ಈ ಕರುವಿಗೆ ಗ್ಯಾಸು ಬೇಡ, ಗಿಣ್ಣು ಬೇಡ, ಓಲೆ ಬೇಡ. ಎರಡು ಗುಟುಕನ್ನೂ ಕೇಳುವುದಿಲ್ಲ. ಹಾಲು ಪೂರ್ತಿ ಡೇರಿಗೆ.