ನೇತ್ರಾವತೀ ತೀರದ ನಿವೃತ್ತ ನೌಕಾವಾಸ ಮೀಮಾಂಸೆ

ವಿಷಯ: ಮಂಗಳೂರಿನ ಬಂದರಿನಲ್ಲಿ ಹಾಯಿ ಕಳಚಿ ಕೂತ ಹಳೆಯ ಪತ್ತೆಮಾರಿಯೊಂದನ್ನು ಕೊಂಡು, ಧರ್ಮಸ್ಥಳಕ್ಕೆ ತಂದು, ದುರಸ್ತಿ ಮಾಡಿ, ಅದರೊಳಗೇ ಸಂಸಾರ ಹೂಡುವುದು. ಇದಕ್ಕೆ ಅಧಿಕಾರಿ ಯಾರೆಂದರೆ, 60 ತುಂಬಿ ಸರ್ಕಾರಿ ಸೇವೆಯಿಂದ ನಿವೃತ್ತನಾದವನು, ಪಿಂಚಣಿ ಆದೇಶ ಕೈಸೇರಿದವನು, ಮತ್ತು ಕಚೇರಿ ಬಿಟ್ಟ ಮೇಲೂ ಒಂದು ಫೈಲು ಬಾಕಿ ಇರಲೇಬೇಕೆಂದು ಹಂಬಲಿಸುವವನು. ಮೂರನೆಯ ಲಕ್ಷಣವೊಂದೇ ಸಾಕು, ಮೊದಲೆರಡು ಗೌಣ.

ಸಂಶಯ: ಧರ್ಮಸ್ಥಳ ಕಡಲಿಂದ ರಸ್ತೆಯಲ್ಲಿ ಸುಮಾರು 75 ಕಿ.ಮೀ. ದೂರ, ದೋಣಿ ಬರುವುದೆಂತು? ಈ ಸಂಶಯ ಎತ್ತುವವರು ಇತಿಹಾಸ ಓದಿದವರಲ್ಲ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಏಕಶಿಲಾ ಬಾಹುಬಲಿ ಮೂರ್ತಿ ರಸ್ತೆಯಲ್ಲೇ ಬಂದು, ಇಲ್ಲಿನ ಗುಡ್ಡವೇರಿ, 1982ರಲ್ಲಿ ಪ್ರತಿಷ್ಠೆಗೊಂಡಿತು. ಕಲ್ಲು ಬಂದ ದಾರಿಯಲ್ಲಿ ಮರ ಬಾರದೇ? ಅದಲ್ಲದೆ, ಹಳತನ್ನು ಉಳಿಸುವುದರಲ್ಲಿ ಈ ಊರಿಗೆ ಪಳಗಿದ ಕೈಯಿದೆ. ಮಂಜೂಷಾ ವಸ್ತುಸಂಗ್ರಹಾಲಯವಿದೆ, ಹಳೆಯ ಕಾರುಗಳ ಸಂಗ್ರಹವಿದೆ, ಜೀರ್ಣ ದೇವಾಲಯಗಳನ್ನು ಮತ್ತೆ ಎತ್ತಿ ನಿಲ್ಲಿಸುವ ಧರ್ಮೋತ್ಥಾನ ಟ್ರಸ್ಟ್ ಇದೆ.

ಪೂರ್ವಪಕ್ಷ: ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಸಮುದ್ರನೌಕೆಗೆ ಕಬ್ಬಿಣ ಬಳಸಕೂಡದು, ಅಯಸ್ಕಾಂತ ಸೆಳೆದೀತು ಎನ್ನುತ್ತದೆ. ಆಕ್ಷೇಪ ಗಂಭೀರವಾದದ್ದು. ನೇತ್ರಾವತಿ ಹುಟ್ಟುವ ಕುದುರೆಮುಖ ಸೀಮೆಯ ಅದಿರು ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಗುಣದ್ದೇ. ಗಣಿಗಾರಿಕೆ 2005ರ ಕೊನೆಗೆ ನಿಂತದ್ದರಿಂದ ಉಳಿದದ್ದೆಲ್ಲ ಬೆಟ್ಟದಲ್ಲೇ ಇದೆ. ಮೊಳೆ ಹೊಡೆದ ದೋಣಿ ಕಡಲಿಗಿಳಿಯುವ ಬದಲು ಸಂಸೆಯತ್ತ ಘಟ್ಟ ಹತ್ತಲೂಬಹುದು.

ಸಮಾಧಾನ ಸಿದ್ಧವಿದೆ: ಹೊಲಿಯುವುದು. ಅಜಂತಾದ 5ನೇ ಶತಮಾನದ ಚಿತ್ರವನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಲ್ಲಿ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಬೆಳ್ತಂಗಡಿ ತಾಲೂಕಿನಲ್ಲಿ ತೆಂಗಿಗೇನೂ ಬರವಿಲ್ಲ.

ಇನ್ನು ಎಣ್ಣೆ. ಕರಾವಳಿಯಲ್ಲಿ ಮರದ ದೋಣಿಗೆ ಮೀನೆಣ್ಣೆ ಬಳಿಯುವುದು ರೂಢಿ. ಶೈವ ದೇವರು, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರು ಕೂಡಿರುವ ಕ್ಷೇತ್ರದಲ್ಲಿ ಸಮನ್ವಯಕ್ಕೆ ಕೊರತೆಯಿಲ್ಲ. ಆದರೆ ಬೂತಾಯಿ ಎಣ್ಣೆಯ ವಾಸನೆಯನ್ನೂ ಒಳಗೊಳ್ಳುವ ದರ್ಶನ ಇನ್ನೂ ಹುಟ್ಟಿಲ್ಲ. ಮರಕ್ಕೆ ಹುಳ ಹತ್ತದಂತೆ ಬಳಿಯುವ ಗೇರುಬೀಜದ ಸಿಪ್ಪೆಯೆಣ್ಣೆ ಇರುವಾಗ ಆ ಚಿಂತೆಯೂ ಇಲ್ಲ. ದೋಣಿಯಲ್ಲಿ ಅಡುಗೆಮನೆ ಬೇಕಿಲ್ಲ, ಅನ್ನಪೂರ್ಣ ಛತ್ರವಿದೆ.

ಉಳಿದದ್ದು ನೀರು.

ಮರದ ದೋಣಿ ನೆಲದ ಮೇಲೆ ನಿಂತರೆ ಹಲಗೆ ಒಣಗಿ, ಕುಗ್ಗಿ, ಸಂದು ಬಿಡುತ್ತದೆ. ನೀರಲ್ಲಿದ್ದರೆ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ. ಧರ್ಮಸ್ಥಳದ ನೇತ್ರಾವತಿಯಾದರೋ ಬೇಸಿಗೆಯಲ್ಲಿ ಬಂಡೆ, ಆಟಿಯಲ್ಲಿ ಕೆಂಪು ನೆರೆ. ಹಿಂದೆ ಸರಕಿನ ದೋಣಿಗಳು ಬಂಟ್ವಾಳ, ಪಾಣೆಮಂಗಳೂರಿನ ತನಕ ಬರುತ್ತಿದ್ದವು. ಈಗ ಶಂಭೂರಿನಲ್ಲೊಂದು, ತುಂಬೆಯಲ್ಲೊಂದು ಅಣೆಕಟ್ಟು. ತುಂಬೆಯ ನೀರು ಮಂಗಳೂರಿನ ನಲ್ಲಿಗೆ.

ಸಿದ್ಧಾಂತ: ದೋಣಿಗೆ ಬೇಕಾದ್ದೆಲ್ಲ ಧರ್ಮಸ್ಥಳದಲ್ಲಿದೆ, ನೀರೊಂದನ್ನು ಬಿಟ್ಟು. ಆದಕಾರಣ ದೋಣಿಯು ಮಂಗಳೂರಿನ ಬಂದರಿನಲ್ಲೇ, ಲಕ್ಷದ್ವೀಪಕ್ಕೆ ಸರಕೊಯ್ಯುವ ಮಂಜಿಗಳ ಮಗ್ಗುಲಲ್ಲಿ ಇರತಕ್ಕದ್ದು. ಮಾಲೀಕನು ಬೆಳಗ್ಗೆ ಹಲಗೆ ಉಜ್ಜಿ, ಊಟದ ಹೊತ್ತಿಗೆ ಸರ್ಕಾರಿ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಬರತಕ್ಕದ್ದು. ಅವನು ಟಿಕೆಟ್ ಕೊಳ್ಳಬೇಕು. ಹೆಂಡತಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತ.